ಸುಮ್ಮನಿರದ ಕಾಲು

ಹತ್ತಿಮತ್ತೂರಿನಿಂದ ಸವಣೂರಿಗೆ ಹೋಗುವ ಬಸ್ಸಿನಲ್ಲಿ ಉಳಿವೆಪ್ಪ ಮಾಸ್ತರರ ಬಲಗಾಲು ಪಕ್ಕದ ಹೆಣ್ಣುಮಗಳ ಕಾಲಿಗೆ ಎರಡನೆಯ ಸಲ ತಗಲಿತು. ಮೊದಲನೆಯ ಸಲ ಅವಳು ಸೀರೆಯ ನಿರಿಗೆ ಎಳೆದುಕೊಂಡು ಕಿಟಕಿಯ ಕಡೆಗೆ ಸರಿದಿದ್ದಳು. ಈಗ ತಿರುಗಿ ಅವರ ಮುಖವನ್ನೇ ನೋಡಿದಳು. ಹಣೆಯ ವಿಭೂತಿ, ಬಿಳಿಯ ಟೊಪ್ಪಿಗೆ, ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡ ಉದ್ದನೆಯ ಕರೀ ಚೀಲ, ಎಲ್ಲವನ್ನೂ ನೋಡಿ ಸಿಟ್ಟನ್ನು ನುಂಗಿಕೊಂಡವಳ ಹಾಗೆ, "ಅಜ್ಜಾರ, ಕಾಲಿಗೆ ಏನರೆ ತ್ರಾಸ ಐತೇನ್ರಿ?" ಎಂದಳು. "ಇಲ್ಲವಾ, ಚಟ" ಎಂದುಬಿಟ್ಟರು ಮಾಸ್ತರರು. ಎರಡು ಸೀಟು ಮುಂದೆ ನಿಂತಿದ್ದ ಕಂಡಕ್ಟರನಿಗೆ ಅಷ್ಟೇ ಬೇಕಾಗಿತ್ತು. "ಈ ವಯಸ್ಸಿನ್ಯಾಗ ಎಂಥಾ ಚಟರಿ ಅಜ್ಜಾರ! ನಮಗೂ ಒಂದಿಷ್ಟು ಹೇಳಿಕೊಡ್ರಿ" ಎಂದ. ಬಸ್ಸಿನ ಅರ್ಧ ಮಂದಿ ನಕ್ಕರು. ಆ ಹೆಣ್ಣುಮಗಳೂ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಮಾಸ್ತರರು ಎಡಗಾಲನ್ನು ಎತ್ತಿ ಬಲಗಾಲಿನ ಮೇಲೆ ಇಟ್ಟು ಅದನ್ನು ಒತ್ತಿ ಹಿಡಿದು ಕುಳಿತರು. ಹೊರಗೆ ರಸ್ತೆಯ ಅಂಚಿಗೆ ಗೋವಿನಜೋಳ ಒಣಹಾಕಿದ್ದರು. ಕೆಳಗಿನ ಕಾಲು ಮೇಲಿನ ಕಾಲಿನ ಭಾರವನ್ನೂ ಹೊತ್ತುಕೊಂಡು, ಒತ್ತಿ ಬಿಟ್ಟು, ಒತ್ತಿ ಬಿಟ್ಟು, ತನ್ನ ಕೆಲಸವನ್ನು ತಾನು ಮಾಡುತ್ತಲೇ ಇತ್ತು.

ನಲವತ್ತು ವರ್ಷ ಅದಕ್ಕೆ ಅದೇ ಕೆಲಸ. ಹಾನಗಲ್ಲಿನ ಕಡೆ, ಹಿರೇಕೆರೂರಿನ ಕಡೆ, ತಡಸದ ಸುತ್ತಿನ ಊರುಗಳಲ್ಲಿ, ಎಲ್ಲಿ ನಾಟಕ ಕಲಿಸಲು ಕರೆದರೂ ಉಳಿವೆಪ್ಪ ಮಾಸ್ತರರು ತಮ್ಮ ಕಾಲಪೇಟಿಯನ್ನು, ಕಾಲಿನಿಂದ ತುಳಿದು ಬಾರಿಸುವ ಹಾರ್ಮೋನಿಯಮ್ಮನ್ನು, ಚಕ್ಕಡಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಕೈಪೇಟಿಗೆ ಒಂದು ಕೈ ಗಾಳಿ ಹೊಡೆಯಬೇಕು, ಕಾಲಪೇಟಿಗೆ ಕಾಲು. ಎರಡೂ ಕೈಗಳು ಮೇಲೆ ಸ್ವರಗಳ ಮೇಲೆ ಓಡಾಡುವಾಗ ಕೆಳಗೆ ಬಲಗಾಲು ಪೇಟಿಯ ಉಸಿರನ್ನು ನೋಡಿಕೊಳ್ಳುತ್ತಿತ್ತು. ಜೋರು ಬೇಕಾದರೆ ಕಾಲು ಗಟ್ಟಿ ಒತ್ತಬೇಕು, ಶೋಕದ ಹಾಡಾದರೆ ಹಗುರಾಗಿ ತುಳಿಯಬೇಕು. ನಾಟಕ ನಿಂತವು, ಕಾಲಪೇಟಿಯ ಗಾಳಿಯ ತಿದಿ ಹರಿಯಿತು, ಕಾಲು ಮಾತ್ರ ನಿಲ್ಲಲಿಲ್ಲ. ಊಟಕ್ಕೆ ಕುಳಿತಾಗ, ಮುಂಜಾನೆ ಲಿಂಗವನ್ನು ಅಂಗೈಯಲ್ಲಿ ಹಿಡಿದು ದೃಷ್ಟಿ ನೆಟ್ಟು ಕುಳಿತಾಗಲೂ ಮಡಿಚಿದ ಕಾಲಿನ ಹೆಬ್ಬೆರಳು ಮಿಡಿಯುತ್ತಿತ್ತು. ಶಿವನ ಮುಂದೆ ಕುಳಿತೂ ಯಾವುದೋ ಪೇಟಿಗೆ ಗಾಳಿ ಹೊಡೆಯುತ್ತಿದ್ದೇನಲ್ಲ ಎಂದು ಎಷ್ಟೋ ಸಲ ಅವರಿಗೆ ನಾಚಿಕೆಯಾಗಿತ್ತು. ಹೆಂಡತಿ ಮಾದೇವಿ ಇದ್ದಾಗ ಹಾಸಿಗೆಯಲ್ಲಿ ಅವರ ಮೊಣಕಾಲಿನ ಮೇಲೆ ಕೈ ಇಟ್ಟು, "ನಾಟಕ ಮುಗೀತ್ರಿ, ಮಂದಿ ಮನೀಗೆ ಹೋದ್ರು. ನೀವೂ ಮಲಗ್ರಿ" ಎನ್ನುತ್ತಿದ್ದಳು.

ಮಠದ ಸೋಮವಾರದ ಭಜನೆಗೆ ಇಷ್ಟು ದಿನ ಕೈಪೇಟಿ ನಡೆದಿತ್ತು. ಈ ವರ್ಷ ಎಡಭುಜ ಬಿಗಿದುಕೊಂಡು ಗಾಳಿ ಹೊಡೆಯಲು ಆಗದಂತಾದ ಮೇಲೆ ಮೇಳದವರು ಕೂಡಿ ಈಗ ಕರೀ ಚೀಲದಲ್ಲಿದ್ದ ಈ ಕೀಬೋರ್ಡ್ ತಂದುಕೊಟ್ಟರು, ಜೊತೆಗೆ ಕಾಲಿನ ಕೆಳಗೆ ಇಡುವ ಒಂದು ಪೆಡಲನ್ನೂ. ಪೆಡಲ್ ನೋಡಿ ಮಾಸ್ತರರಿಗೆ ಹಳೆಯ ನೆಂಟನನ್ನು ಕಂಡಂತಾಗಿತ್ತು. ಆದರೆ ಹೋದ ಸೋಮವಾರ ಎಲ್ಲರ ಮುಂದೆ ಬಾರಿಸಲು ಕುಳಿತಾಗ ಆ ನೆಂಟ ಕೈಕೊಟ್ಟ. ಈ ಪೆಡಲ್ ಗಾಳಿ ಹೊಡೆಯುವುದಲ್ಲ. ಒತ್ತಿದರೆ ಬೆರಳು ತೆಗೆದ ಮೇಲೂ ಸ್ವರವನ್ನು ಸಾಯಗೊಡದೆ ಹಿಡಿದಿಡುವುದು. ಅವರ ಕಾಲು ಅದನ್ನು ಹಾಡಿನುದ್ದಕ್ಕೂ ತುಳಿಯಿತು. ಮುಗಿಯಬೇಕಾದ ಸ್ವರ ಮುಗಿಯಲಿಲ್ಲ. ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು ಬಂದು ಕುಳಿತವು. ಒಂದೇ ಎಲೆಯಲ್ಲಿ ಸಾರು, ಹೋಳಿಗೆಯ ಹಾಲು, ಮಜ್ಜಿಗೆ ಎಲ್ಲ ಹರಿದು ಕೂಡಿಕೊಂಡಂತೆ ಆಯಿತು. ತಾಳ ಹಿಡಿದವರು ತಾಳ ಬಿಟ್ಟರು. ಕೊನೆಗೆ ಹಿಟ್ಟಿನ ಗಿರಣಿಯ ಪ್ರಶಾಂತ, ಮೇಳದ ಮೈಕು, ಆಂಪ್ಲಿಫೈಯರು ನೋಡಿಕೊಳ್ಳುವವನು, ಹತ್ತಿರ ಬಂದು ಕುಳಿತು, "ಮುಂದಿನ ಸೋಮವಾರ ಅವ್ವಾರ ವರ್ಷದ ಸೇವಾ ಐತ್ರಿ ಮಾಸ್ತರ. ನೀವು ಆರಾಮ ಮುಂದ ಕುಂತು ಕೇಳ್ರಿ. ನಮ್ಮ ತನುಜಾ ಬಾರಸ್ತಾಳ" ಎಂದ. ತನುಜಾ ಅವನ ಮಗಳು. ಶಿಗ್ಗಾಂವದ ಕಾಲೇಜಿಗೆ ಹೋಗುವವಳು, ಕೀಬೋರ್ಡ್ ಕಲಿತವಳು.

"ನನ್ನ ಹೇಂತಿ ಸೇವಾಕ್ಕ ನಾ ಬಾರಸ್ತೇನಿ" ಎಂದಿದ್ದರು ಮಾಸ್ತರರು.

"ಬ್ಯಾಡ ಅನ್ನಾಂಗಿಲ್ರಿ. ಆದ್ರ ಹಿಂಗ ಆದ್ರ..."

"ಒಂದ ವಾರ ಕೊಡು. ಸರಿ ಮಾಡಿಸ್ಕೊಂಡ ಬರ್ತೇನಿ. ಆಗಲಿಲ್ಲಂದ್ರ ಆ ಹುಡುಗೀನ ಬಾರಸ್ಲಿ."

ಪೆಡಲ್ ತೆಗೆದಿಟ್ಟು ಬಾರಿಸಿದರೆ ಮುಗಿಯಿತಲ್ಲ ಎಂದು ಸೊಸೆ ಹೇಮಾ ಹೇಳಿದ್ದಳು. ಅದನ್ನೂ ನೋಡಿದ್ದರು. ಕಾಲಿಗೆ ತುಳಿಯಲು ಏನೂ ಇಲ್ಲದಿದ್ದರೆ ಬೆರಳುಗಳು ಎರಡನೆಯ ಸಾಲಿಗೇ ದಾರಿ ತಪ್ಪಿ, ಸಂತೆಯಲ್ಲಿ ಕೈಬಿಟ್ಟ ಕೂಸಿನಂತೆ ನಿಂತುಬಿಡುತ್ತಿದ್ದವು. ಆರು ದಿನ ಹೀಗೇ ಹೋಗಿ, ಸೇವೆಯ ದಿನದ ಮುಂಜಾನೆಯೇ ಅವರು ಚೀಲ ಎತ್ತಿಕೊಂಡು ಸವಣೂರಿಗೆ ಹೊರಟಿದ್ದರು.

ಇಸ್ಮಾಯಿಲಸಾಬರ ಅಂಗಡಿ ಎಲೆಯ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಇಸ್ಮಾಯಿಲಸಾಬರು ಹೋಗಿ ಐದು ವರ್ಷವಾಗಿತ್ತು. ಒಂದು ಕಾಲಕ್ಕೆ ನಾಟಕಕ್ಕೆ ಇನ್ನು ಎರಡು ದಿನ ಇದೆ ಎನ್ನುವಾಗ ಕಾಲಪೇಟಿಯ ತಿದಿ ಹರಿದರೆ ಅವರು ಚರ್ಮ, ಸರೇಸಿನ ಅಂಟು ಕಟ್ಟಿಕೊಂಡು ಹಿರೇಕೆರೂರಿನವರೆಗೂ ಬಂದು ಸರಿಮಾಡಿ, "ನಿನ್ನ ಕಾಲ ಭಾಳ ಭಾರ ಉಳಿವೆಪ್ಪಾ, ಪೇಟಿ ತುಳೀತಿಯೋ ಕಣದಾಗ ಜೋಳ ತುಳೀತಿಯೋ" ಎಂದು ಬೈದು ಹೋಗುತ್ತಿದ್ದರು. ಈಗ ಅಂಗಡಿಯ ತುಂಬ ಸ್ಪೀಕರು, ಮೈಕು, ವೈರು. ಮಗ ಮುಬಶೀರ ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾದ ಕೀಬೋರ್ಡ್ ಬಾರಿಸುತ್ತಾನೆ, ಉಳಿದ ದಿನ ರಿಪೇರಿ.

"ಬರ್ರಿ ಮಾಸ್ತರ, ಬರ್ರಿ, ಕುಂಡ್ರಿ. ಅವ್ವಾರ ಸುದ್ದಿ ಕೇಳಿದ್ನಿರಿ, ಬರಾಕ ಆಗಲಿಲ್ಲ. ಮಾಫ್ ಮಾಡ್ರಿ."

"ಇರ್ಲಿ ಬಿಡಪಾ. ಇದನ್ನ ನೋಡು. ಇವತ್ತ ಸಂಜೀಕ ಬಾರಸಬೇಕು."

ಮುಬಶೀರ ಕೀಬೋರ್ಡನ್ನು ಮೇಜಿನ ಮೇಲೆ ಇಟ್ಟು ಪೆಡಲನ್ನು ಕೆಳಗೆ ಸರಿಸಿದ. ಮಾಸ್ತರರು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಕಾಲು ಅದರ ಮೇಲೆ ಹೋಗಿತ್ತು. "ಕಾಲ ತಗೀರಿ ಮಾಸ್ತರ, ಆಮ್ಯಾಲೆ ಚಾಲೂ ಮಾಡೂನು. ಕಾಲ ಇಟ್ಟು ಚಾಲೂ ಮಾಡಿದ್ರ ಇದು ಉಲ್ಟಾ ತಿಳಕೋತೈತಿ. ಒತ್ತಿದ್ರ ಬಿಟ್ಟಂಗ, ಬಿಟ್ರ ಒತ್ತಿದಂಗ" ಎಂದು ನಕ್ಕ. ಆಮೇಲೆ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಹೋದ. ಬೆರಳಿನ ಭಾರಕ್ಕೆ ತಕ್ಕಂತೆ ಸದ್ದು ಏರಿಳಿಯುವುದನ್ನು ತೆಗೆದುಹಾಕಿದ. ಪೇಟಿಗೆ ಅದು ಇಲ್ಲವಲ್ಲ. ದೊಡ್ಡ ಗುಡಿಯೊಳಗೆ ಬಾರಿಸಿದಂತೆ ಕೇಳಿಸುತ್ತಿದ್ದ ಗುಂಯ್‌ಗುಡುವಿಕೆಯನ್ನು ಇಳಿಸಿದ. ಹಾರ್ಮೋನಿಯಮ್ಮಿನ ನಾಲ್ಕು ಟೋನುಗಳನ್ನು ಕೇಳಿಸಿದ. ಒಂದು ಜಾತ್ರೆಯ ಪೀಪಿಯಂತಿತ್ತು, ಇನ್ನೊಂದು ಮೂಗು ಕಟ್ಟಿದಂತೆ. ಮೂರನೆಯದು ಬಂದಾಗ ಮಾಸ್ತರರು ಕೈ ಎತ್ತಿದರು. "ಯಾರ ಸ್ವರಕ್ಕ ಹೊಂದಸ್ಲಿರಿ?" ಎಂದು ಮುಬಶೀರ ಕೇಳಿದ. "ಕರೀ ಐದು" ಎಂದರು. "ಹೆಣ್ಮಕ್ಳು ಹಾಡವರದಾರೇನ್ರಿ?" ಮಾಸ್ತರರು ಗೋಡೆಗೆ ತೂಗುಹಾಕಿದ್ದ ವೈರುಗಳನ್ನು ನೋಡಿದರು. ಆ ಐದನೆಯ ಕರೀ ಮನೆ ಮಾದೇವಿಯ ಸ್ವರ, ಅವಳ ಜೊತೆಗಿನ ನಲವತ್ತೆಂಟು ವರ್ಷ ಅದಕ್ಕೇ ಕೈ ಹೋಗುತ್ತಿತ್ತು. "ಇಲ್ಲ. ಕರೀ ಒಂದಕ್ಕ ಇಡು. ಗಂಡಸರ ಮೇಳ" ಎಂದರು. ಮುಬಶೀರ ಎಲ್ಲವನ್ನೂ ಒಂದನೆಯ ಗುಂಡಿಯಲ್ಲಿ ಕೂಡಿಸಿಟ್ಟ. ಚಾಲೂ ಮಾಡಿ ಅದನ್ನು ಒತ್ತಿದರೆ ಸಾಕು, ಮತ್ತೆ ಹೊಂದಿಸುವ ತೊಂದರೆಯಿಲ್ಲ ಎಂದು ತೋರಿಸಿಕೊಟ್ಟ.

ಪೆಡಲ್ ಮಾತ್ರ ಗುಂಡಿಗೆ ಒಳಗಾಗಲಿಲ್ಲ. "ಮಾತ ಮುಗಿಯೂದ್ರಾಗ ಕಾಲ ಎತ್ತಬೇಕ್ರಿ. ಇನ್ನೊಂದ ಮಾತಿಗೆ ಮತ್ತ ಒತ್ತಬೇಕು. ಹಿಂಗ" ಎಂದು ಅವನು ತೋರಿಸಿದ. ಮಾಸ್ತರರು ಒಂದು ಸಾಲು ಬಾರಿಸಿದರು. ಕಾಲು ಎತ್ತುವುದರ ಕಡೆ ಲಕ್ಷ್ಯ ಇಟ್ಟರೆ ಬೆರಳು ತಪ್ಪುತ್ತಿತ್ತು, ಬೆರಳಿನ ಕಡೆ ಲಕ್ಷ್ಯ ಹೋದರೆ ಕಾಲು ತನ್ನ ಹಳೆಯ ದಾರಿ ಹಿಡಿಯುತ್ತಿತ್ತು. ನಾಲ್ಕು ಸಲ, ಐದು ಸಲ. "ಇದಕ್ಕ ಗಾಳಿ ಬೇಕಾಗಿಲ್ರಿ ಮಾಸ್ತರ, ಕರೆಂಟ್ ಐತಿ. ಕಾಲಿಗೆ ಪೆನ್ಶನ್ ಕೊಟ್ಟಬಿಡ್ರಿ" ಎಂದ ಮುಬಶೀರ. ಮಾಸ್ತರರು ನಗಲಿಲ್ಲ. ಅವರ ಕುತ್ತಿಗೆಯ ಮೇಲೆ ಬೆವರು ಮೂಡಿತ್ತು. ಅವನು ಅದನ್ನು ನೋಡಿ, ಎದ್ದು ಕೀಬೋರ್ಡಿನ ಹಿಂದೆ ಬಗ್ಗಿ, "ತಡೀರಿ, ಒಂದ ಸೆಟ್ಟಿಂಗ್ ಐತಿ" ಎಂದ. "ಹಾಂ, ಈಗ ಬಾರಸ್ರಿ. ಕಾಲಿನ ಚಿಂತಿ ಬಿಡ್ರಿ. ತನ್ನಷ್ಟಕ್ಕ ತಾ ತುಳೀಲಿ."

ಬಾರಿಸಿದರು. ಮೊದಲ ಸಾಲು ಸ್ವಚ್ಛವಾಗಿ ಬಂತು. ಎರಡನೆಯದೂ ಬಂತು. ಒಂದು ಸ್ವರ ಮುಗಿದ ಮೇಲೆ ಇನ್ನೊಂದು, ಮನೆಯವರು ಒಬ್ಬರಾದ ಮೇಲೊಬ್ಬರು ಹೊಸ್ತಿಲು ದಾಟಿ ಒಳಗೆ ಬಂದಂತೆ. ಕೆಳಗೆ ಕಾಲು ತುಳಿಯುತ್ತಿತ್ತು, ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಯಾವ ಅಡ್ಡಿಯೂ ಇಲ್ಲದೆ. ಮಾಸ್ತರರು ಕಣ್ಣು ಮುಚ್ಚಿಕೊಂಡರು. ಹಾನಗಲ್ಲಿನಲ್ಲಿ ಒಂದು ಸಲ ನಾಯಕಿಯ ಪಾತ್ರದವಳು ಮೈಯಲ್ಲಿ ಹುಷಾರಿಲ್ಲದೆ ಬಾರದೆ ಹೋಗಿ, ಪರದೆಯ ಹಿಂದೆ ಕುಳಿತು ಮಾದೇವಿ ಹಾಡಿದ್ದಳು, ಮುಂದೆ ಯಾರೋ ಬಾಯಿ ಆಡಿಸಿದ್ದರು. ಪರದೆಯ ಸಂದಿನಲ್ಲಿ ಅವಳ ಮೂಗುತಿ ಅಷ್ಟೇ ಕಾಣುತ್ತಿತ್ತು, ಇವರ ಕಾಲು ಅವಳ ಉಸಿರಿಗೆ ಸರಿಯಾಗಿ ಏಳುತ್ತಿತ್ತು, ಬೀಳುತ್ತಿತ್ತು. ಹತ್ತು ನಿಮಿಷ ಬಾರಿಸಿರಬಹುದು. ಹೆಗಲ ಮೇಲಿನ ವಲ್ಲಿ ಜಾರಿ ಕೆಳಗೆ ಬಿದ್ದಾಗ ಎತ್ತಿಕೊಳ್ಳಲು ಬಗ್ಗಿದರು. ಪೆಡಲಿನ ವೈರು ನೆಲದ ಮೇಲೆ ಬಿದ್ದಿತ್ತು. ಅದರ ತುದಿಯ ಪಿನ್ನು ಯಾವುದಕ್ಕೂ ಸೇರಿರಲಿಲ್ಲ.

"ತಪ್ಪ ತಿಳೀಬ್ಯಾಡ್ರಿ ಮಾಸ್ತರ" ಎಂದ ಮುಬಶೀರ. ಅವನ ದನಿ ಬಹಳ ಮೆತ್ತಗಿತ್ತು. "ಕಾಲಿಗೆ ಕೆಲಸ ಸಿಕ್ಕಂಗ ಆತು, ಹಾಡಿಗೂ ತ್ರಾಸಿಲ್ಲ. ವೈರ್ ಹಿಂದಿನಿಂದ ಒಳಗ ಮಡಚಿ ಟೇಪ್ ಹಚ್ಚಿಕೊಡ್ತೇನಿ. ಯಾರಿಗೂ ಗೊತ್ತಾಗಾಂಗಿಲ್ಲ."

ಯಾರಿಗೂ ಗೊತ್ತಾಗಾಂಗಿಲ್ಲ. ಈ ಮಾತನ್ನು ಆಡಿದ ಬಾಯಿ ತಮ್ಮದೇ ಎಂದು ಮಾಸ್ತರರಿಗೆ ಅನ್ನಿಸಿತು. ಹೋದ ವರ್ಷ ಆಷಾಢ ಮುಗಿಯುವ ಹೊತ್ತಿಗೆ, ಮಠದ ಪಡಸಾಲೆಯ ಕಂಬಕ್ಕೆ ಒರಗಿ, ಪ್ರಶಾಂತನ ಕಿವಿಯ ಹತ್ತಿರ ಬಾಯಿಟ್ಟು ಅವರು ಹೇಳಿದ್ದು ಇದನ್ನೇ. ಮಾದೇವಿಗೆ ಆಗ ಉಸಿರಿನ ಬೇನೆ. ನಾಲ್ಕು ಮಾತು ಆಡಿದರೆ ಏದುಸಿರು. ಆದರೂ ಸೋಮವಾರ ಬಂದರೆ ಮುಂಜಾನೆಯಿಂದಲೇ ಸೀರೆ ತೆಗೆದಿಟ್ಟುಕೊಂಡು ಕೂರುತ್ತಿದ್ದಳು. ಹಾಡುವಾಗ ದನಿ ಸ್ವರದಿಂದ ಕೆಳಗೆ ಜಾರುತ್ತಿತ್ತು, ಪೂರಾ ಅಲ್ಲ, ನೂಲಿನಷ್ಟು. ಆ ನೂಲಿನಷ್ಟನ್ನು ಮೈಕು ಊರಿಗೆಲ್ಲ ಸಾರುತ್ತಿತ್ತು. ಹಿಂದೆ ಕುಳಿತ ಇಬ್ಬರು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಮಾಸ್ತರರು ಕಂಡರು. ಆಕಿ ಮೈಕಿನ ಗುಂಡಿ ಇಳಿಸಿಬಿಡು, ಪೂರಾ. ಯಾರಿಗೂ ಗೊತ್ತಾಗಾಂಗಿಲ್ಲ, ಆಕಿಗೂ, ಎಂದಿದ್ದರು ಪ್ರಶಾಂತನಿಗೆ. ಅದು ಅವಳ ಮೇಲಿನ ಕರುಣೆಯೆಂದೇ ಆಗ ತಿಳಿದಿದ್ದರು. ಪೇಟಿ ಮಾಸ್ತರನ ಹೆಂಡತಿ ಬೇಸುರ ಹಾಡುತ್ತಾಳೆ ಎಂದು ಜನ ಅಂದಾರೆಂಬ ಅಂಜಿಕೆಯ ಪಾಲು ಅದರಲ್ಲಿ ಎಷ್ಟಿತ್ತು ಎಂಬುದನ್ನು ಅವಳು ಹೋದ ಮೇಲೆ ದಿನಾ ಮುಂಜಾನೆ ಲಿಂಗದ ಮುಂದೆ ಕುಳಿತು ತಮ್ಮನ್ನು ತಾವೇ ಕೇಳಿಕೊಂಡಿದ್ದರು. ಉತ್ತರ ಬರುವ ಹೊತ್ತಿಗೆ ಕಣ್ಣು ತೆರೆದುಬಿಡುತ್ತಿದ್ದರು. ಎಷ್ಟೋ ಸೋಮವಾರ ಅವಳು ಸತ್ತ ಮೈಕಿಗೆ ಬಾಯಿ ಹಚ್ಚಿ ಹಾಡಿದಳು. ಮನೆಗೆ ಬರುವಾಗ ಹಾದಿಯಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, "ಇವತ್ತ ಹೆಂಗಿತ್ರಿ?" ಎಂದು ಕೇಳುತ್ತಿದ್ದಳು. "ಚಲೋ ಇತ್ತ ತಗೋ" ಎನ್ನುತ್ತಿದ್ದರು ಇವರು, ಮುಂದೆ ನಡೆಯುತ್ತ.

"ಮಾಸ್ತರ, ಸಿಟ್ಟ ಬಂತೇನ್ರಿ?"

"ಇಲ್ಲಪಾ." ಅವರು ಪಿನ್ನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ಹತ್ತು ನಿಮಿಷ ತನಗೆ ಗೊತ್ತಾಗಲೇ ಇಲ್ಲ. ನಲವತ್ತು ವರ್ಷ ಪೇಟಿ ತುಳಿದ ಕಾಲಿಗೇ ಗೊತ್ತಾಗಲಿಲ್ಲ. ಅಷ್ಟೇ ಅಲ್ಲ, ಈ ಒಂದು ವರ್ಷದಲ್ಲಿ ಅಂಥ ಸುಖದ ಹತ್ತು ನಿಮಿಷ ಬೇರೆ ಇರಲಿಲ್ಲ. ಹಾಗಾದರೆ ಅವಳಿಗೂ ಗೊತ್ತಾಗಿರಲಿಕ್ಕಿಲ್ಲ. ಅವಳೂ ಹೀಗೇ ಕಣ್ಣು ಮುಚ್ಚಿ, ಸರಿಯಾಗಿ ಬರುತ್ತಿದೆ ಎಂದು ತಿಳಿದು, ಸುಖವಾಗಿ ಹಾಡಿರಬೇಕು. ಎದೆಯ ಮೇಲಿಂದ ಯಾರೋ ಬೀಸುವ ಕಲ್ಲನ್ನು ಸರಿಸಿದಂತೆ ಆಯಿತು. "ಟೇಪ್ ಹಚ್ಚಪಾ" ಎಂದರು. "ಗಟ್ಟಿ ಹಚ್ಚು."

ತಿರುಗಿ ಬರುವ ಬಸ್ಸಿನಲ್ಲಿ ಅವರ ಕಾಲು ಇಷ್ಟ ಬಂದಂತೆ ಆಡಿತು. ಅವರು ಅದನ್ನು ಹಿಡಿಯಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ಪೂಜೆ ಮಾಡಿಕೊಂಡು, ಹೇಮಾ ಬಡಿಸಿದ್ದನ್ನು ಎರಡನೆಯ ಸಲ ಹಾಕಿಸಿಕೊಂಡು ಉಂಡರು. "ಸರಿ ಆತೇನ್ರಿ ಮಾವ?" ಎಂದು ಅವಳು ಕೇಳಿದ್ದಕ್ಕೆ, "ಆತವಾ, ಎಲ್ಲಾ ಸರಿ ಆತು" ಎಂದರು.

ಸಂಜೆ ಮಠದಲ್ಲಿ ಮಾದೇವಿಯ ಫೋಟೋ ಇಟ್ಟು ಮಾಲೆ ಹಾಕಿದ್ದರು. ಜನ ಇನ್ನೂ ಬಂದು ಕೂಡುತ್ತಿದ್ದರು. ತನುಜಾ ಒಂದು ಬದಿಗೆ ಕುಳಿತಿದ್ದಳು, ಬಾರಿಸಬೇಕಾಗಿ ಬಂದರೆ ಇರಲಿ ಎಂದು. ಮಾಸ್ತರರು ಕುರ್ಚಿಯಲ್ಲಿ ಕುಳಿತು ಒಂದನೆಯ ಗುಂಡಿ ಒತ್ತಿ, ಸದ್ದು ಸಣ್ಣದು ಮಾಡಿಕೊಂಡು ಎರಡು ಸಾಲು ಬಾರಿಸಿ ನೋಡಿದರು. "ಅಜ್ಜಾರ, ಮಸ್ತ್ ಬಂತ್ರಿ! ಒಂದ ವಾರದಾಗ ಹೆಂಗ ಕಲತ್ರಿ?" ಎಂದಳು ಹುಡುಗಿ, ನಿಜವಾದ ಸಂತೋಷದಿಂದ. ಪ್ರಶಾಂತ ವೈರು ಜೋಡಿಸಲು ಕೀಬೋರ್ಡಿನ ಹಿಂದೆ ಬಗ್ಗಿದವನು ಸ್ವಲ್ಪ ಹೊತ್ತು ಅಲ್ಲೇ ಇದ್ದ. ಎದ್ದು ಬಂದು, ಮಗಳಿಗೆ ನೀರು ತರಲು ಹೇಳಿ ಕಳಿಸಿ, ಮಾಸ್ತರರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ.

"ಟೇಪ್ ನೋಡಿದ್ನಿರಿ. ಚಲೋ ಮಾಡೀರಿ ಮಾಸ್ತರ. ಯಾರಿಗೂ ಹೇಳಾಂಗಿಲ್ಲ."

"ಮುಬಶೀರ ಮಾಡಿಕೊಟ್ಟ. ನನಗೂ ಗೊತ್ತಾಗ್ಲಿಲ್ಲ ನೋಡು" ಎಂದರು ಮಾಸ್ತರರು. ತಮಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಮುಂದಿನ ಮಾತು ಬಂತು: "ಆಕೀಗೂ ಗೊತ್ತಾಗಿರಾಕಿಲ್ಲ. ಅಲ್ಲೇನು?"

ಪ್ರಶಾಂತ ನೆಲದ ಮೇಲಿನ ಜಮಖಾನದ ಎಳೆಯನ್ನು ಉಗುರಿನಿಂದ ಕೀಳುತ್ತಿದ್ದ.

"ಯಾಕೋ?"

"ಹೇಳಬಾರದು ಅಂತಿದ್ನಿರಿ. ಶ್ರಾವಣದ ಎರಡನೇ ಸೋಮವಾರ ನಾ ಮರತಬಿಟ್ಟಿದ್ನಿರಿ. ಗುಂಡಿ ಇಳಸೋದು. ಅವ್ವಾರು ಬಾಯಿ ತಗದ ಕೂಡ್ಲೇ ಅವರ ದನಿ ಸ್ಪೀಕರಿನ್ಯಾಗ ಬಂತು. ಒಂದ ಸಾಲಿಗೇ ನಿಲ್ಲಿಸಿ ನನ್ನ ಕಡೆ ನೋಡಿದ್ರು. ನಾ ಗುಂಡಿ ತಿರುವಾಕತ್ತಿದ್ನಿ. ಅದನ್ನೂ ನೋಡಿದ್ರು."

"ಏನಂದ್ಲು?"

"ಆಗ ಏನೂ ಅನಲಿಲ್ರಿ. ಪ್ರಸಾದ ಕೊಡೂವಾಗ ನನ್ನ ಕೈ ಹಿಡಕೊಂಡು, 'ಮಾಸ್ತರಗ ಹೇಳಬ್ಯಾಡಪಾ, ಮನಸ್ಸಿಗೆ ಹಚ್ಕೋತಾರ' ಅಂದ್ರು."

ತನುಜಾ ನೀರು ತಂದಿಟ್ಟು ಹೋದಳು. ಆ ಸೋಮವಾರ ಮಾಸ್ತರರಿಗೆ ನೆನಪಿತ್ತು. ಅವಳು ಹಾಡು ನಡುವೆ ನಿಲ್ಲಿಸಿದ್ದಳು. ಉಸಿರು ಕಟ್ಟಿತೆಂದು ತಿಳಿದು ಪೇಟಿಯ ಮೇಲಿನ ಕೈ ತೆಗೆದು ತಂಬಿಗೆಯನ್ನು ಇವರೇ ಅವಳ ಕಡೆಗೆ ಸರಿಸಿದ್ದರು. ಅವಳು ಎರಡು ಗುಟುಕು ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು, ಮೈಕನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಎಳೆದುಕೊಂಡಿದ್ದಳು. ಅದಾದ ಮೇಲೆ ಹಾಸಿಗೆ ಹಿಡಿಯುವವರೆಗೆ ಆರು ಸೋಮವಾರ ಬಂದಳು. ಆರು ಸಲ ಸೀರೆ ತೆಗೆದಿಟ್ಟಳು. ಆರು ಸಲ ಹಾದಿಯಲ್ಲಿ ನಿಂತು, ಇವತ್ತ ಹೆಂಗಿತ್ರಿ ಎಂದು ಕೇಳಿದಳು. ಅವಳು ಕೇಳುತ್ತಿದ್ದದ್ದು ಹಾಡಿನ ಸುದ್ದಿಯಲ್ಲ ಎಂದು ಈಗ ಅನ್ನಿಸಿತು. ತನ್ನ ಗಂಡ ಒಂದು ಸುಳ್ಳನ್ನು ಹೊತ್ತುಕೊಂಡು ಮುಂದೆ ಮುಂದೆ ನಡೆಯುತ್ತಿದ್ದಾನೆ. ಅದನ್ನು ಇಳಿಸಲು ಅವನಿಗೆ ಅವಳು ಪ್ರತಿ ವಾರ ಒಂದು ಕಟ್ಟೆ ತೋರಿಸುತ್ತಿದ್ದಳು. ಹಾಗೆ ಇತ್ತೋ, ಇಲ್ಲವೋ. ಪ್ರಶಾಂತನದೇ ಕೆಲಸ ಇದು, ಗಂಡನಿಗೆ ಗೊತ್ತಿಲ್ಲ ಎಂದು ತಿಳಿದಿದ್ದಳೋ. ಯಾರನ್ನು ಕೇಳಬೇಕು? ಫೋಟೋದಲ್ಲಿ ಅವಳ ತುಟಿ ಸ್ವಲ್ಪ ತೆರೆದಿತ್ತು, ಫೋಟೋ ತೆಗೆಯುವವನು ಇನ್ನೂ ತಯಾರಾಗಿಲ್ಲವೆಂದು ತಿಳಿದು ಏನೋ ಹೇಳಲು ಹೊರಟಾಗ ತೆಗೆದದ್ದು.

"ಶಿವಾ" ಎಂದು ಮಾಸ್ತರರು ಎದ್ದರು. ಮೊಣಕಾಲಿನ ಮೇಲೆ ಕೈಯೂರಿ ಕೀಬೋರ್ಡಿನ ಹಿಂದೆ ಬಗ್ಗಿದರು. ಟೇಪು ಗಟ್ಟಿಯಾಗಿ ಹಚ್ಚಿತ್ತು; ಉಗುರಿಗೆ ಸಿಗಲಿಲ್ಲ. ಹಲ್ಲು ಹಚ್ಚಿ ಕಿತ್ತರು. ಎಡಭುಜ ಚುಳ್ ಎಂದಿತು. ಪಿನ್ನನ್ನು ಅದರ ತೂತಿಗೆ ಸೇರಿಸಲು ಎರಡು ಮೂರು ಸಲ ತಡಕಾಡಬೇಕಾಯಿತು. ಹಿಂದಿನವರು ಮಾತು ನಿಲ್ಲಿಸಿ ನೋಡುತ್ತಿದ್ದರು.

"ಮಾಸ್ತರ, ಜನ ಕೂಡ್ಯಾರ್ರಿ" ಎಂದ ಪ್ರಶಾಂತ, ದನಿ ತಗ್ಗಿಸಿ.

"ಕೂಡ್ಲಿ."

"ಹೋದ ವಾರದಂಗ ಆಕ್ಕೈತ್ರಿ."

"ಆಕ್ಕೈತಿ." ಕಾಲನ್ನು ಪೆಡಲಿನಿಂದ ದೂರ ಇಟ್ಟು ಆರಿಸಿ ಮತ್ತೆ ಚಾಲೂ ಮಾಡಿದರು. ಒಂದನೆಯ ಗುಂಡಿ ಒತ್ತಿದರು. ಆಮೇಲೆ ಕಾಲನ್ನು ತಂದಿಟ್ಟರು. "ಸದ್ದ ಪೂರಾ ಏರಸು" ಎಂದರು.

ಸ್ವಾಮಿಗಳು ಬಂದು ಕುಳಿತರು. ತಾಳ ಎದ್ದಿತು. ಗುರುಸ್ತುತಿಯ ಮೊದಲ ನುಡಿ ನೆಟ್ಟಗೆ ಬಂತು. ಪ್ರತಿ ಮಾತಿಗೂ ಮಾಸ್ತರರು ಕಾಲನ್ನು ಕೆಸರಿನಿಂದ ಕೀಳುವಂತೆ ಕಿತ್ತು ಎತ್ತುತ್ತಿದ್ದರು. ಎರಡನೆಯ ನುಡಿಗೆ ಹಣೆಯ ಬೆವರು ವಿಭೂತಿಯನ್ನು ದಾಟಿ ಕಣ್ಣಿಗೆ ಇಳಿಯಿತು, ಕಾಲು ಕೈತಪ್ಪಿತು. ಒಂದು ಸ್ವರ ಹೋಗದೆ ನಿಂತಿತು, ಅದರ ಮೇಲೆ ಇನ್ನೊಂದು ಬಂದು ನಿಂತಿತು. ಪಡಸಾಲೆಯ ಎರಡೂ ಸ್ಪೀಕರುಗಳಿಂದ ಅದು ಹೊರಗಿನ ಓಣಿಯವರೆಗೆ ಹೋಯಿತು. ಹಿಂದೆ ಯಾರೋ ಕೆಮ್ಮಿದರು. ಕೆಮ್ಮಿನ ಕೆಳಗೆ ನಗೆ ಇತ್ತು. ತನುಜಾ ಮೆಲ್ಲಗೆ ಮುಂದಕ್ಕೆ ಸರಿದು, ಯಾರಿಗೂ ಕಾಣದಂತೆ, ಕೀಬೋರ್ಡಿನ ಹಿಂದಿನ ವೈರಿಗೆ ಕೈ ಚಾಚಿದಳು. ಕರುಣೆಯಿಂದಲೇ ಚಾಚಿದ್ದಳು, ಅದು ಮಾಸ್ತರರಿಗೆ ಅವಳ ಮುಖದಲ್ಲಿ ಸ್ಪಷ್ಟವಾಗಿ ಕಂಡಿತು.

"ತಗೀಬ್ಯಾಡವಾ" ಎಂದರು ಅವರು, ಬಾರಿಸುವುದನ್ನು ನಿಲ್ಲಿಸದೆ. "ಇರ್ಲಿ. ಕೇಳಸ್ಲಿ."

ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮೂರನೆಯ ನುಡಿಗೆ ಮೇಳ ಸ್ವಲ್ಪ ತಡವರಿಸಿತು. ಆಮೇಲೆ ಮುಂದಿನ ಸಾಲಿನ ಮುದುಕರೊಬ್ಬರು ಆ ಗದ್ದಲದೊಳಗಿಂದಲೇ ತಮಗೆ ಬೇಕಾದ ಸ್ವರವನ್ನು ಹುಡುಕಿಕೊಂಡು ಎತ್ತಿಕೊಂಡರು, ಉಳಿದವರು ಅವರ ಹಿಂದೆ ಬಂದರು.